ಯಂತ್ರದ ಮುಂದೆ ಕುಳಿತವರು, ಪಕ್ಕದಲ್ಲಿ ನಿಂತವರು

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ನಿಲ್ಲಿಸಿದ ಎಂ. ವಿ. ಗೋಪಾಲಸ್ವಾಮಿಯವರೂ, 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರಯಂತ್ರವನ್ನು ಹೂಡಿ ಅದನ್ನು ‘ಆಕಾಶವಾಣಿ’ ಎಂದು ಕರೆದ ಗೋಪಾಲಸ್ವಾಮಿಯವರೂ ಒಬ್ಬರೇ ಎಂಬ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿದದ್ದೇ. ಆದರೆ ಆ ಎರಡು ಕೆಲಸಗಳಿಗೂ ಪರಸ್ಪರ ಸಂಬಂಧವಿದ್ದಿರಬಹುದೆಂದು ಯೋಚಿಸಿದವರು ವಿರಳ. ಪ್ರಾಧ್ಯಾಪಕರಿಗೆ ರೇಡಿಯೊ ಒಂದು ಹವ್ಯಾಸವಾಗಿತ್ತು ಎಂದು ಹೇಳಿ ಮುಗಿಸುವುದು ವಾಡಿಕೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಬುದ್ಧಿಶಕ್ತಿಯ ಮಾಪನವನ್ನು ಅಭ್ಯಸಿಸಿ ಬಂದ ಆ ಪಂಡಿತರಿಗೆ, ಮನುಷ್ಯನ ಮನಸ್ಸಿಗೂ ಯಂತ್ರಕ್ಕೂ ನಡುವೆ ಇರುವ ಆ ಕಿರಿದಾದ ಎಡೆಯಲ್ಲಿ ಏನು ನಡೆಯುತ್ತದೆಂಬುದೇ ಮುಖ್ಯ ಕುತೂಹಲವಾಗಿದ್ದಿರಬೇಕೆಂದು ನನಗೆ ತೋರುತ್ತದೆ. ಹಾಗೆ ತೋರುವುದಕ್ಕೆ ಕಾರಣ, ಪ್ರಾಯಶಃ, ನನ್ನ ಆಯುಸ್ಸಿನ ಬಹುಭಾಗವೂ ಅದೇ ಎಡೆಯಲ್ಲಿ ಕಳೆದುಹೋದದ್ದು.

ಎಪ್ಪತ್ತರ ದಶಕದಲ್ಲಿ ನಾನು ಮಾನಸಗಂಗೋತ್ರಿಗೆ ವಿದ್ಯಾರ್ಥಿಯಾಗಿ ಬಂದಾಗ ಅವರ ಕಾಲ ಎಂದೋ ಮುಗಿದಿತ್ತು. ಉಳಿದದ್ದು ಪ್ರಯೋಗಶಾಲೆಯ ಸಂಪ್ರದಾಯ: ಗಾಜಿನ ಬೀರುಗಳಲ್ಲಿ ಹಿತ್ತಾಳೆಯ ಉಪಕರಣಗಳು, ಕ್ಷಣಾರ್ಧದ ಮಟ್ಟಿಗೆ ಚಿತ್ರವೊಂದನ್ನು ತೋರಿಸಿ ಮರೆಮಾಡುವ ಟ್ಯಾಕಿಸ್ಟೋಸ್ಕೋಪು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಒಂದೊಂದಾಗಿ ಉರುಳಿಸಿ ತೋರಿಸುವ ನೆನಪಿನ ಡ್ರಮ್ಮು, ದೀಪ ಹೊತ್ತಿದೊಡನೆ ಒತ್ತಬೇಕಾದ ಗುಂಡಿ. ಇಬ್ಬಿಬ್ಬರು ವಿದ್ಯಾರ್ಥಿಗಳು ಜೊತೆಯಾಗಿ, ಒಬ್ಬ ಪ್ರಯೋಗಕರ್ತನೂ ಇನ್ನೊಬ್ಬ ಪ್ರಯೋಗಪಾತ್ರನೂ ಆಗಿ, ಆಮೇಲೆ ಅದಲುಬದಲಾಗುತ್ತಿದ್ದೆವು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕನ್ನಡಿಯ ಹಲಗೆ. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರವೊಂದು ಅಚ್ಚಾಗಿರುತ್ತದೆ. ಅದನ್ನು ನೇರವಾಗಿ ನೋಡದಂತೆ ಒಂದು ತಗಡು ಅಡ್ಡವಿರುತ್ತದೆ. ಎದುರಿನ ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲನ್ನು ಸುತ್ತ ಒಯ್ಯಬೇಕು. ಮೂಲೆಗೆ ಬಂದೊಡನೆ ಕೈ ಮುಂದೆ ಹೋಗಬೇಕಾದಲ್ಲಿ ಹಿಂದೆ ಸರಿಯುತ್ತದೆ, ಪೆನ್ಸಿಲು ಅಲ್ಲೇ ನಡುಗುತ್ತ ನಿಂತು ಗೀಚುತ್ತದೆ. ಆ ಮೂಲೆಯಲ್ಲಿ ಸಿಕ್ಕಿಬಿದ್ದ ನನ್ನ ಸಹಪಾಠಿಗಳಲ್ಲಿ ಒಬ್ಬನಾದರೂ ಕನ್ನಡಿಯನ್ನು ಬೈದದ್ದನ್ನು ನಾನು ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಯನ್ನೇ ಬೈದುಕೊಂಡರು.

ಈ ಆತ್ಮನಿಂದೆಗೆ ಔಷಧ ಉಂಟೆಂದು ತಿಳಿದದ್ದು ಗ್ರಂಥಾಲಯದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿದು ಕೂರುತ್ತಿದ್ದವು. ರೆಕ್ಕೆಯ ಪಟ್ಟಿಗಳನ್ನು ಮಡಿಸಬೇಕಾದ ಚಾಲಕ ಚಕ್ರಗಳನ್ನು ಮಡಿಸಿಬಿಡುತ್ತಿದ್ದ. ‘ಚಾಲಕನ ಅಜಾಗರೂಕತೆ’ ಎಂದು ವರದಿ ಬರೆದು ಕಡತ ಮುಚ್ಚುವುದು ನಡೆದಿತ್ತು. ಆಲ್ಫಾನ್ಸ್ ಚಾಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞ ಚಾಲಕರ ಆಸನದ ಬಳಿ ಹೋಗಿ ನೋಡಲಾಗಿ, ಎರಡು ಹಿಡಿಗಳೂ ಒಂದೇ ಆಕಾರದವು, ಅಕ್ಕಪಕ್ಕದಲ್ಲಿದ್ದವು. ಒಂದರ ತುದಿಗೆ ಚಕ್ರದಂಥ ಗುಬುಟನ್ನೂ ಇನ್ನೊಂದರ ತುದಿಗೆ ಪಟ್ಟಿಯಂಥ ಬೆಣೆಯನ್ನೂ ಅಂಟಿಸಿದ್ದಾಯಿತು. ಕತ್ತಲಲ್ಲೂ ಬೆರಳಿಗೆ ಗೊತ್ತಾಗತೊಡಗಿತು. ಚಾಲಕರನ್ನು ಬದಲಿಸಲಿಲ್ಲ, ಅವರಿಗೆ ಉಪದೇಶ ಮಾಡಲಿಲ್ಲ. ಕೇವಲ ಮನಸ್ಸನ್ನು ಅಳೆಯುತ್ತಿದ್ದ ಶಾಸ್ತ್ರ ಇಲ್ಲಿ ವಸ್ತುವನ್ನು ತಿದ್ದಲು ತೊಡಗಿತ್ತು. ನನ್ನ ವೃತ್ತಿ ಯಾವುದೆಂಬುದು ಆ ಪುಟದಲ್ಲಿ ನಿಶ್ಚಯವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಬೆಂಗಳೂರಿನ ಒಂದು ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕನಾಗಿ ಸೇರಿದಾಗ ನನ್ನ ವಿಷಯಕ್ಕೆ ಇನ್ನೂ ಸರಿಯಾದ ಹೆಸರೂ ಇರಲಿಲ್ಲ, ಕೊಠಡಿಯೂ ಇರಲಿಲ್ಲ. ಇಂಜಿನಿಯರ್ ಮಿತ್ರರು ನಮ್ಮನ್ನು ಸಲಿಗೆಯಿಂದ ‘ಬಣ್ಣ ಬಳಿಯುವವರು’ ಎನ್ನುತ್ತಿದ್ದರು: ಯಂತ್ರವನ್ನು ತಾವು ಮಾಡಿ ಮುಗಿಸಿದ ಮೇಲೆ ಪೆಟ್ಟಿಗೆಗೆ ಯಾವ ಬಣ್ಣವೆಂದು ಹೇಳುವುದಷ್ಟೇ ನಮ್ಮ ಪಾಲು. ಆ ವೇಳೆಗೆ ಅಮೆರಿಕದಲ್ಲಿ ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂಯೆಲ್ ಎಂಬ ಮೂವರು 1983ರ ತಮ್ಮ ಗ್ರಂಥದಲ್ಲಿ ಮಾನವ–ಗಣಕ ಸಂವಹನಕ್ಕೆ ಒಂದು ಗಣಿತವನ್ನೇ ಒದಗಿಸಿದ್ದರು. ನುರಿತ ಬೆರಳಚ್ಚುಗಾರನಿಗೆ ಒಂದು ಕೀಲಿಯನ್ನೊತ್ತಲು 0.2 ಸೆಕೆಂಡು, ಮೌಸನ್ನು ಗುರಿಗೆ ಒಯ್ಯಲು 1.1, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಬದಲಿಸಲು 0.4, ಮುಂದಿನ ಹೆಜ್ಜೆಗೆ ಮನಸ್ಸು ಸಿದ್ಧವಾಗಲು 1.35. ಇವನ್ನು ಕೂಡಿಸುತ್ತ ಹೋದರೆ ಕೆಲಸವೊಂದಕ್ಕೆ ಹಿಡಿಯುವ ಕಾಲವನ್ನು ಯಂತ್ರ ತಯಾರಾಗುವ ಮೊದಲೇ ಹೇಳಬಹುದು. ಇಂಜಿನಿಯರುಗಳ ಎದುರು ಈ ಅಂಕಿಗಳನ್ನಿಟ್ಟ ದಿನ ಅವರು ಮೊದಲ ಬಾರಿಗೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೇಳಿದರು. ಮನಸ್ಸು ಸಿದ್ಧವಾಗುವುದಕ್ಕೆ 1.35 ಸೆಕೆಂಡೆಂಬ ಆ ನಿಖರತೆಯಲ್ಲಿ ನನಗೆ ಅಂದೂ ಪೂರ್ಣ ವಿಶ್ವಾಸ ಹುಟ್ಟಲಿಲ್ಲವೆನ್ನಿ. ನನ್ನ ಅಜ್ಜಿ ಯಾವ ಕೆಲಸಕ್ಕಾದರೂ ಸಿದ್ಧವಾಗುವುದಕ್ಕೆ ಒಂದು ತಾಂಬೂಲದಷ್ಟು ಕಾಲ ಬೇಕಾಗಿತ್ತು. ಆದರೂ ಒಂದು ವಿದ್ಯೆಗೆ ಸಭೆಯಲ್ಲಿ ಪೀಠ ದೊರಕಬೇಕಾದರೆ ಇಂಥ ಅಂಕಿಗಳು ಬೇಕಾಗುತ್ತವೆ.

ಆ ಗಣಿತವನ್ನು ನಾವು ಮೊಟ್ಟಮೊದಲು ಪ್ರಯೋಗಿಸಿದ್ದು ನಮ್ಮ ಲಿಪಿಯ ಮೇಲೆ. ಕೆ. ಪಿ. ರಾವ್ ಅವರು ರೂಪಿಸಿದ, ಮುಂದೆ ಸರ್ಕಾರದ ಮಾನ್ಯತೆ ಪಡೆದು ‘ನುಡಿ’ ತಂತ್ರಾಂಶದ ಮೂಲಕ ಕಚೇರಿಕಚೇರಿಗೆ ಹಬ್ಬಿದ ಕೀಲಿಮಣೆಯಲ್ಲಿ, ‘ಕನ್ನಡ’ ಎಂಬ ಮೂರಕ್ಷರಕ್ಕೆ ಐದು ಒತ್ತುಗಳು ಬೇಕು: ಕ, ನ, ಕೂಡಿಸುವ ಕೀಲಿ, ಮತ್ತೆ ನ, ಕೊನೆಗೆ ಡ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ನಮ್ಮ ವರ್ಣಮಾಲೆಯನ್ನೆಲ್ಲ ಉಚ್ಚಾರಣೆಯ ಜಾಡಿನಲ್ಲಿ ಕೂರಿಸಿದ ಆ ಯೋಜನೆಯ ಲಾಘವವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಹಳೆಯ ಟೈಪ್‌ರೈಟರಿನಲ್ಲಿ ಕೈ ಪಳಗಿದವರಿಗೆ ಒತ್ತಕ್ಷರವೆಂಬುದು ಒಂದು ಪ್ರತ್ಯೇಕ ಅಚ್ಚು; ಕಣ್ಣಿಗೆ ಕಾಣದ ಒಂದು ಕೂಡಿಕೆಯನ್ನು ಒತ್ತಿ ಆಮೇಲೆ ವ್ಯಂಜನವನ್ನು ಒತ್ತುವುದು ಅವರಿಗೆ ಒಗ್ಗದು. ಮುಂದೆ ಯೂನಿಕೋಡ್ ಬಂದಾಗ ಇನ್ನೊಂದು ವಿಚಿತ್ರ ಕಾಣಿಸಿಕೊಂಡಿತು. ‘ಲಕ್ಷ್ಮಿ’ ಎಂದು ಬರೆದು, ಬಾಣದ ಕೀಲಿಯನ್ನೊತ್ತಿದರೆ ತೆರೆಯ ಮೇಲಿನ ಗೆರೆ ಎರಡನೆಯ ಅಕ್ಷರವನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಅಳಿಸುವ ಕೀಲಿಯನ್ನೊತ್ತಿದರೋ ಆ ಒಂದೇ ಅಕ್ಷರ ಆರು ತುಂಡುಗಳಾಗಿ, ಮೊದಲು ಗುಡಿಸು, ಆಮೇಲೆ ಮಕಾರ, ಹೀಗೆ ಕಳಚಿಕೊಳ್ಳುತ್ತದೆ. ಇಡೀ ಬದುಕನ್ನು ಬೆರಳಚ್ಚಿನಲ್ಲಿ ಕಳೆದ ಹಿರಿಯ ಮಹಿಳೆಯೊಬ್ಬರು ನಮ್ಮ ಪ್ರಯೋಗದಲ್ಲಿ ಇದನ್ನು ಕಂಡು ಕೈ ಹಿಂದೆಗೆದು, “ಒಂದಕ್ಷರ ಅಳಿಸೋಕೆ ಹೋದ್ರೆ ಅರ್ಧ ಉಳ್ಕೊಂಡ್‌ಬಿಡತ್ತೆ ಸಾರ್, ನಾನೇ ಏನೋ ತಪ್ಪು ಒತ್ತಿದೆ ಅನ್ಸತ್ತೆ” ಎಂದರು. ಕನ್ನಡಿಯ ಹಲಗೆಯ ಮುಂದೆ ಕೇಳಿದ ಮಾತೇ ಅದು.

ಪ್ರಯೋಗದ ವಿಧಾನವನ್ನು ಕುರಿತು ಒಂದು ಮಾತು ಹೇಳಬೇಕು. ಒಬ್ಬ ವ್ಯಕ್ತಿಯನ್ನು ಯಂತ್ರದ ಮುಂದೆ ಕೂರಿಸಿ, ಮನಸ್ಸಿನಲ್ಲಿ ಹಾದುಹೋಗುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಕೆಲಸ ಮಾಡಿರೆಂದು ಕೇಳಿಕೊಂಡು, ಹಿಂದೆ ಕುಳಿತು ಬರೆದುಕೊಳ್ಳುವುದು ನಮ್ಮ ಶಾಸ್ತ್ರದ ಸರ್ವಸಮ್ಮತ ಪದ್ಧತಿ. ನಮ್ಮವರ ಮೇಲೆ ಅದು ಫಲಿಸಲಿಲ್ಲ. ಅಪರಿಚಿತ ಮೇಷ್ಟರೊಬ್ಬರು ಹಿಂದೆ ಕುಳಿತಿರುವಾಗ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಅವರು ಭಾವಿಸಿದರೆ ತಪ್ಪೆನ್ನಲಾದೀತೆ? ಕೆಲವರು ಪರೀಕ್ಷೆಗೆ ಕೂತವರಂತೆ ಬೆವೆತರು. ಕೆಲವರು “ಚೆನ್ನಾಗಿದೆ ಸಾರ್, ಎಲ್ಲ ಚೆನ್ನಾಗಿದೆ” ಎಂದು ನಮ್ಮನ್ನೇ ಸಮಾಧಾನಪಡಿಸಿದರು. ಆಗ ಒದಗಿದ್ದು ಲೂಸಿ ಸಚ್‌ಮನ್ ಎಂಬಾಕೆ 1987ರಲ್ಲಿ ಪ್ರಕಟಿಸಿದ ಗ್ರಂಥ. ಮಾನವಶಾಸ್ತ್ರಜ್ಞೆಯಾದ ಆಕೆ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ನಕಲುಯಂತ್ರದ ಮುಂದೆ ಒಬ್ಬರ ಬದಲು ಇಬ್ಬರನ್ನು ನಿಲ್ಲಿಸಿ, ಅವರು ಪರಸ್ಪರ ಆಡಿಕೊಂಡ ಮಾತನ್ನು ಚಿತ್ರೀಕರಿಸಿಕೊಂಡಿದ್ದಳು. ನಾವೂ ಇಬ್ಬರನ್ನು ಕೂರಿಸಿದೆವು: ಅತ್ತೆ–ಸೊಸೆ, ಅಣ್ಣ–ತಂಗಿ, ಒಂದೇ ಕಚೇರಿಯ ಇಬ್ಬರು ಗುಮಾಸ್ತರು. ಮಾತು ಕಟ್ಟೆಯೊಡೆದು ಹರಿಯಿತು. “ಅಯ್ಯೋ ಅದನ್ನ ಒತ್ಬೇಡ್ವೇ, ಎಲ್ಲಾ ಹೋಗ್ಬಿಟ್ಟೀತು” ಎಂಬೊಂದು ಉದ್ಗಾರದಲ್ಲಿ ಇರುವಷ್ಟು ಮನಶ್ಶಾಸ್ತ್ರ ಹತ್ತು ಪ್ರಶ್ನಾವಳಿಗಳಲ್ಲಿ ಇರಲಾರದು. ಉಪಾಯವೆಂದು ಆರಂಭಿಸಿದ ಈ ಕ್ರಮವೇ ಕ್ರಮೇಣ ನನಗೆ ಸಿದ್ಧಾಂತವಾಯಿತು. ಪಾಶ್ಚಾತ್ಯ ಗ್ರಂಥಗಳಲ್ಲಿ ಹೆಚ್ಚಿನವು ಒಂದು ಯಂತ್ರ, ಅದರ ಮುಂದೆ ಒಬ್ಬ ಮನುಷ್ಯ ಎಂಬ ಚಿತ್ರವನ್ನು ಹೇಳದೆಯೇ ಸ್ವೀಕರಿಸಿದ್ದವು. ನಮ್ಮ ನಾಡಿನಲ್ಲಿ ಯಂತ್ರವನ್ನು ಮುಟ್ಟುವವನು ಒಬ್ಬನಾದರೆ ಅದರ ಅಗತ್ಯವುಳ್ಳವನು ಇನ್ನೊಬ್ಬ, ಮತ್ತು ಈ ಎರಡನೆಯವನು ಸದಾ ಪಕ್ಕದಲ್ಲಿ ನಿಂತೇ ಇರುತ್ತಾನೆ.

ತರಗತಿಯಲ್ಲಿ ಇದಕ್ಕೆ ನಾನು ಕೊಡುತ್ತಿದ್ದ ದೃಷ್ಟಾಂತ ಮತಯಂತ್ರ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ, ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರದ ಅಧ್ಯಾಪಕರ ಕೈವಾಡವೂ ಇರುವ ಈ ಯಂತ್ರ, 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದು, 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು. ಅದರಲ್ಲಿ ತೆರೆಯಿಲ್ಲ, ಆಯ್ಕೆಗಳ ಪಟ್ಟಿಯೊಳಗೆ ಪಟ್ಟಿಯಿಲ್ಲ. ಹೆಸರು, ಚಿಹ್ನೆ, ಪಕ್ಕದಲ್ಲಿ ನೀಲಿ ಗುಂಡಿ. ಒತ್ತಿದರೆ ಒಂದು ಕೆಂಪು ದೀಪ, ಒಂದು ದೀರ್ಘವಾದ ಕೀಂಕಾರ. ದೀಪ ಮತದಾರನೊಬ್ಬನಿಗೇ ಕಾಣುತ್ತದೆ. ಧ್ವನಿಯಾದರೋ ಮರೆಯಾಚೆ ಕುಳಿತ ಮತಗಟ್ಟೆ ಅಧಿಕಾರಿಗೂ, ಬೆಂಚಿನ ಮೇಲಿನ ಏಜೆಂಟರಿಗೂ, ಬಾಗಿಲಲ್ಲಿ ಸರದಿ ನಿಂತವರಿಗೂ ಕೇಳಿಸುತ್ತದೆ. ಯಾರಿಗೆ ಎಂಬುದು ಗೋಪ್ಯ, ಮತ ಬಿತ್ತೆಂಬುದು ಬಹಿರಂಗ. ಈ ವಿಭಾಗವನ್ನು ಒಂದು ದೀಪ, ಒಂದು ಸದ್ದು ಇಷ್ಟರಿಂದಲೇ ಸಾಧಿಸಿದ ವಿನ್ಯಾಸಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಆ ಯಂತ್ರದ ಬಗೆಗಿನ ರಾಜಕೀಯ ವಾದವಿವಾದಗಳು ಬೇರೆ. ಅವುಗಳಿಗೆ ನಾನಿಲ್ಲಿ ಕೈಹಾಕುವುದಿಲ್ಲ.

ಆದರೆ ನನ್ನ ವಿದ್ಯಾರ್ಥಿಗಳಿಗೂ ನನಗೂ ನಿಜವಾದ ಪಾಠಶಾಲೆಯಾದದ್ದು ತಾಲ್ಲೂಕು ಕಚೇರಿ. 2001ರ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಅದುವರೆಗೆ ಗ್ರಾಮಲೆಕ್ಕಿಗರ ಚೀಲದಲ್ಲಿ ಊರೂರು ತಿರುಗುತ್ತಿದ್ದ ದಾಖಲೆ ಈಗ 15 ರೂಪಾಯಿ ಕೊಟ್ಟವರಿಗೆಲ್ಲ ಕಿಟಕಿಯಲ್ಲಿ ದೊರಕುವಂತಾಯಿತು. ಗುಪ್ತಪದದ ಬದಲು ಸಿಬ್ಬಂದಿಯ ಬೆರಳಚ್ಚು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟು, ಹೀಗೆ ಅದರಲ್ಲಿ ಹಲವು ಜಾಣತನಗಳಿದ್ದವು. ನನ್ನ ಕಣ್ಣನ್ನು ಸೆಳೆದದ್ದು ಇನ್ನೊಂದು: ಕಿಟಕಿಯಲ್ಲಿ ಎರಡು ತೆರೆಗಳಿದ್ದವು. ಒಂದು ಗುಮಾಸ್ತರ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ನಡೆಯುತ್ತಿರುವುದು ಹೊರಗಿನವನಿಗೂ ಕಾಣಲೆಂಬ ಉದ್ದೇಶ. ಯಾವ ಪಠ್ಯಪುಸ್ತಕವೂ ಕಲಿಸದ ಸಂಗತಿಯನ್ನು ಯಾರೋ ಅಧಿಕಾರಿಗಳು ಅನುಭವದಿಂದಲೇ ಕಂಡುಕೊಂಡಿದ್ದರು.

ಬಯಲುಸೀಮೆಯ ಒಂದು ಕಚೇರಿಯಲ್ಲಿ ನಾವು ಗೋಡೆಗೊರಗಿ ನಿಂತು ನೋಡುತ್ತಿದ್ದಾಗ, ಹೆಗಲ ಮೇಲೆ ಟವಲ್ಲು ಹಾಕಿಕೊಂಡ ವೃದ್ಧರೊಬ್ಬರು ಮಾಧ್ಯಮಿಕ ಶಾಲೆಯ ಸಮವಸ್ತ್ರದಲ್ಲಿದ್ದ ಮೊಮ್ಮಗಳೊಡನೆ ಕಿಟಕಿಗೆ ಬಂದರು. ತಮ್ಮ ಕಡೆ ತಿರುಗಿದ್ದ ತೆರೆಯನ್ನು ಅವರು ನೋಡಲೇ ಇಲ್ಲ. ಅವರ ದೃಷ್ಟಿಯೆಲ್ಲ ಗುಮಾಸ್ತರ ಮುಖದ ಮೇಲೆ, ಆ ಮುಖದಲ್ಲಿ ಒಪ್ಪಿಗೆಯೋ ಬೇಸರವೋ ಎಂಬುದನ್ನು ಓದುವುದರಲ್ಲಿ. ತೆರೆಯನ್ನು ಓದಿದವಳು ಹುಡುಗಿ. ಸರ್ವೆ ನಂಬರು, ಹಿಸ್ಸೆ, ಎಕರೆ, ಗುಂಟೆ ಎಂದು ಒಂದೊಂದಾಗಿ ಬೆರಳಿಟ್ಟು ಓದುತ್ತ ಬಂದವಳು ಹೆಸರಿನ ಬಳಿ ತಡೆದು, “ತಾತ, ಇಲ್ಲಿ ಲಿಂಗ ಅಂತ ಐತೆ” ಎಂದಳು.

“ನಿಂಗ ಅಂತಲ್ವೇನವ್ವ ಇರಬೇಕಾದ್ದು? ಇನ್ನೊಂದ್ ಸಲ ನೋಡು.”

“ಲಿಂಗ ಅಂತಾನೇ ಐತೆ.”

ಗುಮಾಸ್ತರು ತಲೆಯೆತ್ತಿ, “ಹಳೇ ಪುಸ್ತಕದಲ್ಲೂ ಹಂಗೇ ಐತೆ ಯಜಮಾನ್ರೆ. ತಿದ್ದುಪಡಿ ಬೇಕಂದ್ರೆ ಬೇರೆ ಅರ್ಜಿ ಕೊಡ್ಬೇಕು” ಎಂದರು. ವೃದ್ಧರು ಸ್ವಲ್ಪ ಹೊತ್ತು ಯೋಚಿಸಿ, “ಬ್ಯಾಂಕಿನೋರು ಒಪ್ತಾರಾ?” ಎಂದು ಕೇಳಿದರು. ಆ ಪ್ರಶ್ನೆ ಗುಮಾಸ್ತರಿಗೋ, ಮೊಮ್ಮಗಳಿಗೋ, ಗೋಡೆಗೊರಗಿ ನಿಂತ ನಮಗೋ ಹೇಳಲಾಗಲಿಲ್ಲ. ಅಲ್ಲಿ ‘ಬಳಕೆದಾರ’ರು ಯಾರು? ಕೀಲಿಯೊತ್ತಿದ ಗುಮಾಸ್ತರೆ, ಓದಿದ ಬಾಲಿಕೆಯೆ, ಜಮೀನುಳ್ಳ ವೃದ್ಧರೆ? ಸಂಜೆ ಬಸ್ಸಿನಲ್ಲಿ ವಿದ್ಯಾರ್ಥಿಗಳು ಇದೇ ಚರ್ಚೆಯಲ್ಲಿ ಬೆಂಗಳೂರನ್ನು ಮುಟ್ಟಿದರು. ಒಬ್ಬಾಕೆ ಹೇಳಿದ್ದು ನನಗೆ ಸರಿಯೆನಿಸಿತು: ತೆರೆಯನ್ನು ರೈತನ ಕಡೆಗೆ ತಿರುಗಿಸಿದ್ದರೂ ಅಕ್ಷರದ ಗಾತ್ರ ಗುಮಾಸ್ತರ ಕಣ್ಣಿಗೆ ತಕ್ಕದ್ದೇ ಆಗಿ ಉಳಿದಿತ್ತು, ಮತ್ತು ಓದಿ ಹೇಳುವ ಮೂರನೆಯವರಿಗಾಗಿ, ಹೆಸರನ್ನೂ ವಿಸ್ತೀರ್ಣವನ್ನೂ ದೊಡ್ಡದಾಗಿ ಮೊದಲಲ್ಲೇ ತೋರಿಸಬಹುದಾಗಿತ್ತು.

ಇಂಥ ಅವಲೋಕನಗಳನ್ನೆಲ್ಲ ಸೇರಿಸಿ ಬರೆದ ಪ್ರಬಂಧವೊಂದನ್ನು ವಿದೇಶದ ಒಂದು ಸಮ್ಮೇಳನಕ್ಕೆ ಕಳಿಸಿದಾಗ, ನಿಮ್ಮ ಪ್ರಯೋಗಪಾತ್ರರಲ್ಲಿ ಬಳಕೆದಾರರು ಯಾರೆಂಬುದು ಸ್ಪಷ್ಟವಾಗಿಲ್ಲ ಎಂಬ ಟಿಪ್ಪಣಿಯೊಡನೆ ಅದು ಮರಳಿ ಬಂತು. ಸ್ಪಷ್ಟವಾಗಿಲ್ಲವೆಂಬುದೇ ಪ್ರಬಂಧದ ತಾತ್ಪರ್ಯವಾಗಿತ್ತು, ಇರಲಿ. ಇತ್ತ ಬೆಂಗಳೂರಿನಲ್ಲೇ, 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ, ನಮಗಿಂತ ಕಿರಿಯರು ನಮಗಿಂತ ಅಚ್ಚುಕಟ್ಟಾಗಿ ಕೆಲಸ ಮಾಡತೊಡಗಿದರು. ಇಂದ್ರಾಣಿ ಮೇಧಿಯವರು ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರೊಡನೆ ಕುಳಿತು, ಕೆಲಸ ಹುಡುಕಿಕೊಳ್ಳಲು ಅಕ್ಷರವೇ ಇಲ್ಲದ, ಚಿತ್ರ ಮತ್ತು ಧ್ವನಿಗಳಿಂದಲೇ ನಡೆಯುವ ತೆರೆಯನ್ನು ರೂಪಿಸಿದರು. 2010ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು, ಒಬ್ಬರಿಗಾಗಿ ಇನ್ನೊಬ್ಬರು ಯಂತ್ರವನ್ನು ಬಳಸುವ ಈ ಮಧ್ಯಸ್ಥಿಕೆಯನ್ನೇ ವಿಷಯವಾಗಿಸಿಕೊಂಡು ಮಾನವ–ಗಣಕ ಸಂವಹನದ ಅತಿ ದೊಡ್ಡ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರು. ಅದನ್ನು ಓದಿದ ದಿನ ನನಗಾದ ಸಂತೋಷದಲ್ಲಿ ಅಸೂಯೆಯ ಪಾಲು ಇರಲಿಲ್ಲವೆಂದರೆ ಯಾರೂ ನಂಬಲಾರರು. ಆದರೆ ಸಂತೋಷದ ಪಾಲೇ ಹಿರಿದು.

ಆಮೇಲಿನ ವರ್ಷಗಳು ಸಂಪತ್ತಿನ ವರ್ಷಗಳು. ನಮ್ಮ ವಿಷಯಕ್ಕೆ ಯುಎಕ್ಸ್ ಎಂಬ ಚುಟುಕು ಹೆಸರು ಬಂತು. ವಿದ್ಯಾರ್ಥಿಗಳಿಗೆ ಪದವಿಗೆ ಮುಂಚೆಯೇ ಕೆಲಸ ಸಿಗತೊಡಗಿತು. ಹಿಂದೆ ‘ಬಣ್ಣ ಬಳಿಯುವವರು’ ಎಂದ ಮಿತ್ರರ ಮಕ್ಕಳೇ ಪ್ರವೇಶಪರೀಕ್ಷೆಗೆ ಸಾಲುಗಟ್ಟಿದರು. ಈ ಸಂಪತ್ತಿನ ಜೊತೆಗೆ ಬಂದದ್ದನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಗುರಿ ದೊಡ್ಡದಾದಷ್ಟೂ ಸಮೀಪವಾದಷ್ಟೂ ಕೈ ಅದನ್ನು ಬೇಗ ಮುಟ್ಟುತ್ತದೆಂದು ಪಾಲ್ ಫಿಟ್ಸ್ 1954ರಲ್ಲಿ ಸೂತ್ರ ಬರೆದದ್ದು ಮನುಷ್ಯನಿಗೆ ಅನುಕೂಲವಾಗಲೆಂದು. ಅದೇ ಸೂತ್ರದಿಂದ ‘ಕೊಳ್ಳಿ’ ಎಂಬ ಗುಂಡಿಯನ್ನು ಹೆಬ್ಬೆರಳ ಬುಡಕ್ಕೂ ‘ಬೇಡ’ ಎಂಬುದನ್ನು ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ ಮೂಲೆಗೂ ಇಡುವ ವಿದ್ಯೆ ಬೆಳೆಯಿತು. ಕೇಳದೆಯೇ ಬುಟ್ಟಿಗೆ ಸೇರುವ ವಿಮೆ, ಸೇರಲು ಒಂದು ಒತ್ತು ಬಿಡಲು ಹತ್ತು ಪುಟ ಎಂಬಂಥ ಚಂದಾ, ಬೇಡವೆಂದವರನ್ನು ನಾಚಿಸುವ ವಾಕ್ಯ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಕಪಟವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದಾಗ, ಆ ಪಟ್ಟಿಯನ್ನು ನಾನು ಒಂದೊಂದಾಗಿ ಓದಿ, ಇವುಗಳಲ್ಲಿ ಯಾವುದಕ್ಕೂ ಬೇಕಾದ ಶಾಸ್ತ್ರ ನಮ್ಮ ಪಠ್ಯಕ್ರಮದ ಹೊರಗಿನದಲ್ಲವೆಂದು ಕಂಡುಕೊಂಡೆ. ಚಾಪಾನಿಸನ ಚಾಲಕರು ಜಾರಿದ್ದು ಯಾರ ಸಂಕಲ್ಪದಿಂದಲೂ ಅಲ್ಲ. ಇಲ್ಲಿ ಜಾರುವಂತೆಯೇ ಎಣ್ಣೆ ಹಚ್ಚಿ ಇಡುವವರಿಗೆ ಸಂಬಳವುಂಟು.

ನಿವೃತ್ತನಾದ ಮೇಲೆ ಪ್ರತಿ ನವೆಂಬರಿನಲ್ಲಿ ನಾನು ಬದುಕಿರುವೆನೆಂಬುದನ್ನು ಸರ್ಕಾರಕ್ಕೆ ರುಜುವಾತುಪಡಿಸಬೇಕಾಗಿದೆ. ‘ಜೀವನ್ ಪ್ರಮಾಣ್’ ಎಂಬ ಆ ವ್ಯವಸ್ಥೆಯನ್ನು ಮನೆಯಲ್ಲೇ ಫೋನಿನಲ್ಲಿ ಮುಗಿಸಬಹುದೆಂದು ಬಲ್ಲೆ. ಆದರೂ ಮನೆಯ ಹತ್ತಿರದ ಸೈಬರ್ ಸೆಂಟರಿಗೆ ಹೋಗುತ್ತೇನೆ, ನನ್ನ ಓರಗೆಯವರೆಲ್ಲ ಹೋಗುವುದು ಅಲ್ಲಿಗೆ. ಕಳೆದ ಸಲ ನನ್ನ ಬೆರಳಿನ ಗೆರೆಗಳು ಯಂತ್ರಕ್ಕೆ ದಕ್ಕಲಿಲ್ಲ; ಅಲ್ಲಿನ ಹುಡುಗ ಬೆರಳನ್ನು ಒರೆಸಿಕೊಳ್ಳಲು ಹೇಳಿ, ಮತ್ತೆ ಒತ್ತಿಸಿ, ಕೊನೆಗೆ ಫೋನನ್ನು ನನ್ನ ಮುಖದೆದುರು ಹಿಡಿದು, “ಒಂದ್ಸಲ ಕಣ್ಣು ಮಿಟುಕ್ಸಿ ಅಂಕಲ್” ಎಂದ. ಮಿಟುಕಿಸಿದೆ. ಅವನ ಬೆರಳು ಕೊನೆಯ ಗುಂಡಿಯ ಕಡೆಗೆ ಹೋಗುತ್ತಿದ್ದಾಗ, ತೆರೆಯನ್ನು ಸ್ವಲ್ಪ ಇತ್ತ ತಿರುಗಿಸಪ್ಪ ಎಂದು ಕೇಳಿದೆ. ಅವನು ತಿರುಗಿಸಿದ. ಪಿಂಚಣಿ ಆದೇಶದ ಸಂಖ್ಯೆಯಲ್ಲಿ ಎರಡು ಅಂಕಿಗಳು ಹಿಂದುಮುಂದಾಗಿದ್ದವು. “ಓ, ಸಾರಿ ಅಂಕಲ್” ಎಂದು ತಿದ್ದಿ, ಗುಂಡಿಯೊತ್ತಿ, ಐವತ್ತು ರೂಪಾಯಿ ತೆಗೆದುಕೊಂಡು, ನನ್ನ ಹಿಂದೆ ನಿಂತಿದ್ದ ಮುದುಕಿಯನ್ನು ಕುರ್ಚಿಗೆ ಕರೆದ. ಆಕೆ ಕೂತೊಡನೆ ಕೇಳಿದ್ದು, “ನನಗೂ ಅವರಿಗೆ ತೋರಿಸ್ದಂಗೇ ತೋರಿಸ್ತೀಯೇನಪ್ಪ?” ಎಂದು.